ನೀರು ಬೇಕಂತೆ

ಅಪ್ಪನ ಗಂಟಲಿನ ಆಪರೇಷನ್ ಆಗಿ ಆರು ವಾರವಾಗಿತ್ತು. ಅಣ್ಣ ಕೆಲಸದಿಂದ ಬಂದವನೇ ಒಂದು ಹಳೆಯ ಫೋನನ್ನು ಊಟದ ಮೇಜಿನ ಮೇಲಿಟ್ಟು, "ಇದರೊಳಗೆ ಅಪ್ಪ ಇದಾರೆ," ಎಂದ.

"ಹೊರಗಿರೋ ಒಬ್ಬರನ್ನೇ ಸುಧಾರಿಸೋಕೆ ಆಗ್ತಿಲ್ಲ. ಒಳಗೆ ಬೇರೆ ಒಬ್ಬರಾ?" ಎಂದಳು ಅಮ್ಮ.

ಅಪ್ಪ ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವರು. ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ, ಯಾರ ಮಗು ಕಳೆದುಹೋಗಿ ವಿಚಾರಣೆಯ ಕಿಟಕಿಯ ಹತ್ತಿರ ಅಳುತ್ತಿದೆ, ಎಲ್ಲವನ್ನೂ ಊರಿಗೆ ಹೇಳಿದವರು. ಆ ದನಿಗೆ ಜನ ಚೀಲ ಎತ್ತಿಕೊಂಡು ಓಡುತ್ತಿದ್ದರು. ಮನೆಯಲ್ಲಿ ಅದೇ ದನಿಗೆ ನಾವೂ ಓಡುತ್ತಿದ್ದೆವು, ಆದರೆ ಬೇರೆ ಕಾರಣಕ್ಕೆ. "ಬಸ್ಸಿಗೆ ಬರೋರಿಗೆಲ್ಲ 'ದಯವಿಟ್ಟು ಗಮನಿಸಿ'. ನನಗೆ ಮಾತ್ರ 'ಲೇ, ಕಿವಿ ಕೇಳಲ್ವಾ'," ಎನ್ನುವುದು ಅಮ್ಮನ ಹಳೆಯ ದೂರು.

ಈಗ ಅಪ್ಪನ ಕುತ್ತಿಗೆಯಲ್ಲಿ ಒಂದು ತೂತು, ತೂತಿಗೊಂದು ನಳಿಕೆ. ಉಸಿರೆಲ್ಲ ಅಲ್ಲಿಂದಲೇ. ಬಾಯಿ ಆಡಿಸಿದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಅಣ್ಣ ಫೋನ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ನಿಲ್ದಾಣದ ಕಚೇರಿಯವರನ್ನು ಕಾಡಿ ಅಪ್ಪನ ಹಳೆಯ ಪ್ರಕಟಣೆಗಳನ್ನು ತಂದು, ಒಂದು ಆ್ಯಪಿಗೆ ತುಂಬಿಸಿ, ಅದಕ್ಕೆ ಅಪ್ಪನ ದನಿ ಕಲಿಸಿದ್ದ. ಇಲ್ಲಿ ಬರೆದರೆ ಸಾಕು, ಅದು ಮಾತಾಡುತ್ತದೆ. ಅಪ್ಪ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಫೋನು ಗಂಭೀರವಾಗಿ, ಮೂರನೇ ಅಂಕಣಕ್ಕೆ ಬಸ್ಸು ಬಂದ ಹಾಗೆ, "ಗಂಜಿ ಬೇಡ" ಎಂದಿತು.

ಅಜ್ಜಿಗೆ ಕಿವಿ ಅರ್ಧ ಮಂದ. "ಯಾವ ಬಸ್ಸು?" ಎಂದಳು.

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕರು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು. ಅಮ್ಮ ಮಾತ್ರ ಸೆರಗಿನಿಂದ ಕಣ್ಣೊತ್ತಿಕೊಂಡು ಒಲೆಯ ಕಡೆ ತಿರುಗಿದಳು.

ಫೋನು ಬರುವ ತನಕ ಒಂದು ಸ್ಲೇಟು ಇತ್ತು. ಅಪ್ಪ ಬರೆಯುವುದು, ನಾನು ಓದಿ ಹೇಳುವುದು. ಅಮ್ಮನಿಗೆ ಓದಲು ಬರುವುದಿಲ್ಲ. ಅಂಕಿ ಬರುತ್ತದೆ, ಅಳತೆಪಟ್ಟಿ ಬರುತ್ತದೆ. ಅವಳು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುತ್ತಾಳೆ, ಅಷ್ಟಕ್ಕೆ ಅಕ್ಷರ ಬೇಕಾಗಿರಲಿಲ್ಲ. ಅಜ್ಜಿಗೂ ಓದು ಇಲ್ಲ. ಅಣ್ಣ ಮನೆಗೆ ಬರುವಷ್ಟರಲ್ಲಿ ಹೆಚ್ಚಿನ ದಿನ ಎಲ್ಲರ ಊಟ ಆಗಿರುತ್ತಿತ್ತು. ಹಾಗಾಗಿ ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನೇ ಅಪ್ಪನ ಬಾಯಿ. ಸಣ್ಣವಳಿದ್ದಾಗಿನಿಂದ ನನ್ನ ದನಿ ಪಕ್ಕದವರಿಗೂ ಕೇಳಿಸದು. ಅಪ್ಪ ನನ್ನನ್ನು ಕರೆಯುವುದೇ 'ಪಿಸು' ಎಂದು.

ಸ್ಲೇಟಿನಲ್ಲಿ "ಸಾರು ಕೆಟ್ಟಿದೆ, ದಂಡ" ಎಂದು ಇದ್ದರೆ ನಾನು "ಸಾರು ಸ್ವಲ್ಪ ತೆಳುವಾಯಿತಂತೆ" ಎನ್ನುತ್ತಿದ್ದೆ. "ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು" ಎಂದಿದ್ದರೆ "ಲೇಟಾಯ್ತಾ ಅಂತ ಕೇಳ್ತಿದಾರೆ" ಎನ್ನುತ್ತಿದ್ದೆ. ಹಗಲೆಲ್ಲ ಮೆಷಿನ್ ತುಳಿದು ಬಂದವಳ ಮುಖದೆದುರು ನಿಂತು 'ದಂಡ' ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿ ಸ್ಲೇಟು ಒರೆಸುತ್ತಿದ್ದರು.

ಫೋನಿನಲ್ಲೂ ಅಪ್ಪನ ಬೆರಳು ನಿಧಾನ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಗಂಜಿ ಆರುತ್ತಿತ್ತು. ಅದನ್ನು ನೋಡಿ ಅಣ್ಣ, ಅಮ್ಮ ಪಾತ್ರೆ ತೊಳೆಯಲು ಹೋದಾಗ, "ಇದರಲ್ಲಿ ಇನ್ನೊಂದು ಇದೆ. ಒಂದೆರಡು ಪದ ಹೊಡೆದ್ರೆ ಸಾಕು, ಮಿಕ್ಕಿದ್ದನ್ನ ಅದೇ ತುಂಬಿ ಮಾತಾಡತ್ತೆ. ಮನುಷ್ಯ ಎಂಥವರು ಅಂತ ಮೊದಲು ಇಲ್ಲಿ ಬರೀಬೇಕು. ನೀನೇ ಬರಿ, ನಿನಗಲ್ವಾ ಬರೆಯೋ ಹುಚ್ಚು," ಎಂದು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದ.

ನಾಲ್ಕು ಸಾಲು ಬರೆದೆ. 'ಮೃದು ಮನಸ್ಸಿನವರು. ಹೆಂಡತಿಯ ಮೇಲೆ ಬಹಳ ಪ್ರೀತಿ, ಹೇಳಿಕೊಂಡವರಲ್ಲ. ಮನೆಯವರೆಲ್ಲ ಜೊತೆಗಿರಬೇಕು ಎಂಬ ಆಸೆ. ಬೈಯುವುದಿಲ್ಲ.'

ಕೊನೆಯ ಸಾಲು ಹಸಿ ಸುಳ್ಳು. ಉಳಿದ ಮೂರು ನಿಜವೋ ಅಲ್ಲವೋ ಎಂದು ಮೂರು ಮಾರು ದೂರದಲ್ಲಿ ಕೂತಿದ್ದ ಅಪ್ಪನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಮರುದಿನ ಸಂಜೆ ಅಮ್ಮ ಆಲೂಗಡ್ಡೆ ಬೇಯಿಸಿ, ಕಿವುಚಿ, ಬೇಳೆಯ ತಿಳಿ ಹಾಕಿ ಅಪ್ಪನ ಮುಂದಿಟ್ಟಳು. ಅಪ್ಪ ಒಂದು ಚಮಚ ಬಾಯಿಗಿಟ್ಟು, ಮುಖ ಹಿಂಡಿ, ಫೋನಿನಲ್ಲಿ ಒಂದೇ ಪದ ಹೊಡೆದರು. ನನಗೆ ಕಾಣುತ್ತಿತ್ತು. 'ಉಪ್ಪು.'

ಫೋನು ಹೇಳಿತು: "ಉಪ್ಪು ಹದವಾಗಿದೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ ನಾನು. ನಿನ್ನ ಕೈರುಚಿ ಬೇರೆ ಯಾರಿಗೂ ಬರುವುದಿಲ್ಲ."

ಅಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಸೌಟಿನಿಂದ ಬೇಳೆ ತೊಟ್ಟಿಕ್ಕಿತು. ಅಪ್ಪ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಅಮ್ಮನನ್ನು.

"ಏನಂದ್ರಿ?" ಎಂದಳು ಅಮ್ಮ.

ಅಪ್ಪನ ಬೆರಳು ಪರದೆಯ ಮೇಲೆ ಏಳಲೂ ಇಲ್ಲ, ಇಳಿಯಲೂ ಇಲ್ಲ. ಕಡೆಗೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಉಪ್ಪಾದ ಆಲೂಗಡ್ಡೆಯನ್ನು ಪೂರ್ತಿ ತಿಂದರು. ಎರಡು ಲೋಟ ನೀರು ಕುಡಿದರು.

ಅಮ್ಮ ಪಾತ್ರೆ ತೊಳೆಯಲು ಹೋದಾಗ ನಾನು ಫೋನು ತೆಗೆದುಕೊಂಡು, "ಅಪ್ಪ, ಇದನ್ನ ತೆಗೆದುಬಿಡ್ಲಾ?" ಎಂದು ಪಿಸುಗುಟ್ಟಿದೆ. ಅಪ್ಪ ಸ್ಲೇಟು ಎಳೆದುಕೊಂಡು ಬರೆದರು. 'ಇರಲಿ. ನನಗಿಂತ ಚೆನ್ನಾಗಿ ಮಾತಾಡುತ್ತೆ.' ಬರೆದು ತಕ್ಷಣ ಅಂಗೈಯಿಂದ ಒರೆಸಿದರು.

ಆಮೇಲಿನ ಮೂರು ವಾರ ನಮ್ಮ ಮನೆ ನಮ್ಮ ಮನೆಯ ಹಾಗೆ ಇರಲಿಲ್ಲ. ಅಮ್ಮ ಕಾರ್ಖಾನೆಯಿಂದ ಹತ್ತು ನಿಮಿಷ ಮೊದಲೇ ಬರತೊಡಗಿದಳು. ದಾರಿಯಲ್ಲಿ ಯಾರೊಡನೆಯೂ ನಿಂತು ಹರಟುತ್ತಿರಲಿಲ್ಲ. ಬಂದು ಕೈಕಾಲು ತೊಳೆದು ಅಪ್ಪನ ಎದುರು ಕೂತು ದಿನದ ಸುದ್ದಿಯೆಲ್ಲ ಹೇಳುವಳು. ಗುಂಡಿಗೆ ಕಾಜಾ ಹಾಕುವವಳ ಸೂಜಿ ಮುರಿದದ್ದು, ಮೇಸ್ತ್ರಿ ಅಳತೆ ತಪ್ಪಿ ನೂರು ಅಂಗಿ ಕೆಡಿಸಿದ್ದು. ಅಪ್ಪ 'ಆಮೇಲೆ' ಎಂದು ಒತ್ತಿದರೆ ಫೋನು, "ಆಮೇಲೆ ಏನಾಯಿತು ಹೇಳು, ನೀನು ಹೇಳುತ್ತಿದ್ದರೆ ನಾನೇ ಅಲ್ಲಿ ಕೂತ ಹಾಗಿದೆ," ಎನ್ನುವುದು. ಅಪ್ಪ 'ಸಾಕು' ಎಂದು ಒತ್ತಿದರೂ ಫೋನು, "ಸಾಕಷ್ಟು ದುಡಿದಿದ್ದೀಯ, ಸ್ವಲ್ಪ ಕಾಲು ಚಾಚಿ ಕೂತುಕೋ," ಎನ್ನುವುದು. ಅಮ್ಮ ಕಾಲು ಚಾಚಿ ಕೂರುವಳು. ಮದುವೆಯಲ್ಲಿ ಉಡುಗೊರೆ ಬಂದು, ಬೀರುವಿನ ತಲೆಯ ಮೇಲೆ ಧೂಳು ತಿನ್ನುತ್ತಿದ್ದ ಗಾಜಿನ ತಟ್ಟೆಗಳನ್ನು ಇಳಿಸಿ ತೊಳೆದಳು. ದಿನವೂ ಅದರಲ್ಲೇ ಬಡಿಸಿದಳು.

ಅಜ್ಜಿಗೆ ಇದು ಹಿಡಿಸಲಿಲ್ಲ. "ಇದು ನನ್ನ ಮಗನ ಮಾತಲ್ಲ. ಅವನು ಹುಟ್ಟಿದ ಗಳಿಗೆಗೇ ಸೂಲಗಿತ್ತಿಗೆ ಬೈದೋನು."

"ನಿಮಗೆ ಹೊಟ್ಟೆಕಿಚ್ಚು ಅತ್ತೆ," ಎಂದಳು ಅಮ್ಮ.

"ನನಗ್ಯಾಕೆ ಹೊಟ್ಟೆಕಿಚ್ಚು? ನನ್ನ ಗಂಡ ಸತ್ತು ಹದಿನೆಂಟು ವರ್ಷ. ಅವರೂ ಇವನ ಹಾಗೇ, ಬೈಗುಳ ಬಿಟ್ರೆ ಬೇರೆ ಭಾಷೆ ಗೊತ್ತಿರಲಿಲ್ಲ. ಗಂಟಲು ಕೊಯ್ದರೆ ಬುದ್ಧಿ ಬರುತ್ತಾ?"

"ಮೂವತ್ತು ವರ್ಷಕ್ಕೆ ಒಂದು ಒಳ್ಳೆ ಮಾತು ಕೇಳ್ತಿದೀನಿ. ಅದನ್ನೂ ಕೇಳಿಸಿಕೊಳ್ಳೋಕೆ ಬಿಡಲ್ವಲ್ಲ ನೀವು! ನಿಮ್ಮ ಕಿವಿ ಕೆಟ್ಟಿದೆ ಅಂತ ನಾನೂ ಕಿವುಡಿ ಆಗ್ಬೇಕಾ?"

ಅಜ್ಜಿ ತಟ್ಟೆ ಸರಿಸಿ ಎದ್ದುಹೋದಳು. "ನೀನಾದ್ರೂ ಹೇಳೇ, ನಿನ್ನ ಅಪ್ಪ ಬದಲಾಗಿಲ್ವಾ?" ಎಂದು ಅಮ್ಮ ನನ್ನ ಕಡೆ ತಿರುಗಿದಳು. ನಾನು ಹೂಂ ಎಂದೆ. ಅಪ್ಪ ತಟ್ಟೆಯಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

ಇಷ್ಟರಲ್ಲಿ ಕಾರ್ಖಾನೆಯವರು ಇನ್ನೊಂದು ಊರಲ್ಲಿ ಹೊಸ ಶಾಖೆ ತೆರೆದರು. ಅಲ್ಲಿಯ ಹೊಸ ಹುಡುಗಿಯರಿಗೆ ಕಾಲರ್ ಕೂರಿಸುವುದನ್ನು ಕಲಿಸಲು ಒಬ್ಬರು ಬೇಕು, ಆರು ತಿಂಗಳು ಅಲ್ಲೇ ಇರಬೇಕು, ಇರಲು ಕೋಣೆ ಕೊಡುತ್ತಾರೆ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರಬಹುದು. ಮೇಸ್ತ್ರಿ ಮೊದಲು ಕೇಳಿದ್ದು ಅಮ್ಮನನ್ನು. ಅಕ್ಷರ ಬಾರದವಳನ್ನು ಕಲಿಸಲು ಕರೆದಿದ್ದಾರೆ ಎನ್ನುವುದನ್ನು ಅವಳು ನನಗೆ ಬಟ್ಟೆ ಒಣಹಾಕುವಾಗ ಹೇಳಿದಳು. ಹೇಳುವಾಗ ಹಲ್ಲಿನಲ್ಲಿ ಕ್ಲಿಪ್ಪು ಕಚ್ಚಿಕೊಂಡಿದ್ದಳು, ನಗು ಕಾಣಬಾರದೆಂದು.

"ಟೀಚರಮ್ಮ ಅಂತಾರಂತೆ ಕಣೇ ಅಲ್ಲಿ ನನ್ನ."

ಎರಡು ದಿನದಲ್ಲಿ ಮಂಚದ ಕೆಳಗೆ ಜಿಪ್ಪಿನ ಚೀಲವೊಂದು ಬಂದು ಕೂತಿತು. ಕರೆದ ಸುದ್ದಿ ಅಪ್ಪನಿಗೂ ತಿಳಿಸಿದ್ದಳು, ಆದರೆ ಹೋಗುತ್ತೇನೆಂದು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ನಾನು ಆ ಚೀಲವನ್ನು ಗುಡಿಸುವಾಗೆಲ್ಲ ಪೊರಕೆಯಿಂದ ಒಳಗೆ ತಳ್ಳುತ್ತಿದ್ದೆ. ಅವಳು ಹೋದರೆ ಅಪ್ಪನ ನಳಿಕೆ ತೊಳೆಯುವುದು, ಅಜ್ಜಿಯ ಸ್ನಾನ, ಮೂರು ಹೊತ್ತಿನ ಒಲೆ, ಎಲ್ಲ ನನ್ನ ತಲೆಗೆ. ಇದನ್ನು ನಾನು ಡೈರಿಯಲ್ಲೂ ಬರೆಯಲಿಲ್ಲ.

ಹೇಳಬೇಕಾದ ಕಡೆಯ ದಿನದ ಹಿಂದಿನ ಸಂಜೆ ಅಮ್ಮ ಊಟದ ನಡುವೆ ಕೇಳಿದಳು. "ನಾಳೆ ಮೇಸ್ತ್ರಿಗೆ ಹೇಳ್ಬೇಕು. ಹೋಗ್ಲಾ, ಬೇಡ್ವಾ? ನೀವು ಹೇಗೆ ಹೇಳಿದ್ರೆ ಹಾಗೆ."

ಅಪ್ಪ ಯೋಚಿಸಲೇ ಇಲ್ಲ. 'ಹೋಗು' ಎಂದು ಒತ್ತಿದರು.

"ಹೋಗು ಎಂದು ಯಾವ ಬಾಯಲ್ಲಿ ಹೇಳಲಿ?" ಎಂದಿತು ಅಪ್ಪನ ದನಿ. "ನೀನಿಲ್ಲದೆ ಈ ಮನೆ ಮನೆಯಲ್ಲ. ಇಲ್ಲೇ ಇರು. ನನ್ನ ಜೊತೆ ಇರು."

ಅಪ್ಪ ಮೇಜು ಗುದ್ದಿದರು. ಗಾಜಿನ ತಟ್ಟೆಗಳು ಎಗರಿದವು. ಬಾಯಿ ತೆರೆದು ಏನೋ ಕೂಗಲು ಹೋದರು. ಗಾಳಿಯೆಲ್ಲ ಕುತ್ತಿಗೆಯ ತೂತಿನಿಂದ ಸಿಳ್ಳೆಯ ಹಾಗೆ ಹೊರಟು ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಅಮ್ಮ ಓಡಿಬಂದು ಬೆನ್ನು ನೀವಿದಳು. "ಆಯ್ತು ಆಯ್ತು, ಅಳಬೇಡಿ. ನಾನೆಲ್ಲೂ ಹೋಗಲ್ಲ. ಸುಮ್ನೆ ಕೇಳಿದೆ ಅಷ್ಟೇ."

ಅಪ್ಪ ಅವಳ ಕೈ ಕೊಡವಿ, ಕಿಟಕಿಯ ಕಟ್ಟೆಯ ಮೇಲಿದ್ದ ಸ್ಲೇಟು ತೆಗೆದು, ದಪ್ಪ ಅಕ್ಷರದಲ್ಲಿ ಬರೆದು ನನ್ನ ಮುಖದ ಮುಂದೆ ಹಿಡಿದರು. 'ಹೋಗು ಅಂದೆ. ಹೋಗು.' ಬಳಪ ಒತ್ತಿ ಒತ್ತಿ ಮುರಿದಿತ್ತು.

"ಏನಂತೆ?" ಎಂದಳು ಅಮ್ಮ.

ನಾನು ಸ್ಲೇಟು ನೋಡಿದೆ. ಅದನ್ನು ಓದಿದರೆ ಫೋನು ಹೇಳಿದ್ದು ಸುಳ್ಳಾಗುತ್ತದೆ. ಇವತ್ತಿನದು ಸುಳ್ಳಾದರೆ ನಿನ್ನೆಯದೂ ಸುಳ್ಳು, ಉಪ್ಪೂ ಸುಳ್ಳು. ಚೀಲವೂ ಕಣ್ಣ ಮುಂದೆ ಬಂತು.

"ನೀರು ಬೇಕಂತೆ," ಎಂದೆ.

ಅಮ್ಮ ನೀರು ತರಲು ಹೋದಳು. ಅಪ್ಪ ಸ್ಲೇಟನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ನಿಧಾನವಾಗಿ ಅದನ್ನು ಮಡಿಲಲ್ಲಿ ಬೋರಲು ಮಾಡಿಕೊಂಡರು. ಅಮ್ಮ ತಂದ ನೀರನ್ನು ಕುಡಿದರು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ.

ಮರುದಿನ ಅಮ್ಮ ಒಲ್ಲೆ ಎಂದು ಹೇಳಿಬಂದಳು. ಕಾಜಾ ಹಾಕುವವಳು ಹೊರಟಳು. ಜಿಪ್ಪಿನ ಚೀಲಕ್ಕೆ ಅಮ್ಮ ಹಳೆಯ ಹೊದಿಕೆಗಳನ್ನು ತುಂಬಿದಳು. "ಚೀಲ ದಂಡ ಆಗ್ಬಾರ್ದಲ್ಲ," ಎಂದು ತಾನೇ ಹೇಳಿಕೊಂಡಳು. ಅಪ್ಪ ಅಂದಿನಿಂದ ಫೋನು ಮುಟ್ಟಲಿಲ್ಲ, ಸ್ಲೇಟನ್ನೂ ಮುಟ್ಟಲಿಲ್ಲ. ಏನು ಕೇಳಿದರೂ ತಲೆ ಆಡಿಸುವುದು ಅಷ್ಟೇ. "ಒಂದು ಮಾತಾಡಿ," ಎಂದು ಅಮ್ಮ ಊಟಕ್ಕೆ ಕೂತಾಗೆಲ್ಲ ಫೋನನ್ನು ಅವರ ಕಡೆ ದೂಡುವಳು. ಅವರು ವಾಪಸ್ಸು ದೂಡುವರು.

ಒಂಬತ್ತನೆಯ ದಿನ, ಕಾರ್ಖಾನೆಗೆ ರಜೆ. ಬೆಳಿಗ್ಗೆ ಅಮ್ಮ ಅಪ್ಪನನ್ನು ಬಚ್ಚಲ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿ, ನಳಿಕೆ ತೆಗೆದು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ನಾನು ಒಣ ಬಟ್ಟೆ ಹಿಡಿದು ನಿಂತಿದ್ದೆ. ಅಣ್ಣ ಹೊಸ್ತಿಲಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಆಗ ಊಟದ ಮನೆಯಿಂದ ಅಪ್ಪನ ದನಿ ಕೇಳಿತು. ಗಟ್ಟಿಯಾಗಿ, ನಿಲ್ದಾಣದ ಹಾಗೆ.

"ನೀನಿಲ್ಲದೆ ಈ ಮನೆ ಮನೆಯಲ್ಲ. ನನ್ನ ಜೊತೆ ಇರು."

ಅಮ್ಮನ ಎಡಗೈ ಅಪ್ಪನ ಭುಜದ ಮೇಲಿತ್ತು. ಬಲಗೈಯಲ್ಲಿ ನಳಿಕೆ. ಅವಳು ಅಪ್ಪನ ಎರಡು ಖಾಲಿ ಕೈಗಳನ್ನು ನೋಡಿದಳು.

"ಯಾರದು ಅಲ್ಲಿ?" ಎಂದು ಕೂಗಿದಳು.

"ನಿನ್ನ ಗಂಡ ಕಣಮ್ಮಾ," ಎಂದಳು ಅಜ್ಜಿ ಅಲ್ಲಿಂದ. "ಮೇಜು ಒರೆಸ್ತಿದ್ದೆ. ನನ್ನ ಒರೆಸೋ ಬಟ್ಟೆ ಮೇಲೆ ಪ್ರೀತಿ ಬಂದಿದೆ ಅವನಿಗೆ."

ಫೋನು ಮತ್ತೆ, "ನಿನ್ನ ಕೈರುಚಿ ಬೇರೆ ಯಾರಿಗೂ ಬರುವುದಿಲ್ಲ," ಎಂದಿತು. ಅಜ್ಜಿ, "ನಾನು ಒಲೆ ಹಚ್ಚಿ ಹತ್ತು ವರ್ಷ ಆಯ್ತಪ್ಪಾ," ಎಂದಳು.

ಅಣ್ಣ ಗೊಳ್ಳೆಂದು ನಕ್ಕು ಎದ್ದುಹೋಗಿ ಫೋನು ತಂದ. "ಬಟ್ಟೆ ತಾಗಿ ಯಾವುದೋ ಅಕ್ಷರ ಬಿದ್ದಿದೆ, ಅದಕ್ಕೇ ಕಥೆ ಕಟ್ಟಿದೆ. ತುಂಬೋದು ಇನ್ನೂ ಹಾಗೇ ಇಟ್ಟಿದೀರಾ?" ಎನ್ನುತ್ತ ಪರದೆ ಸರಿಸಿ ಓದತೊಡಗಿದ. "ಮೃದು ಮನಸ್ಸಿನವರು. ಹೆಂಡತಿಯ ಮೇಲೆ ಬಹಳ ಪ್ರೀತಿ... ಬೈಯುವುದಿಲ್ಲ... ಅಯ್ಯೋ, ಇದು ಯಾರ ಅಪ್ಪನ ಬಗ್ಗೆ ಬರೆದಿದೀಯೇ?"

ಯಾರೂ ನಗಲಿಲ್ಲ. ಅವನ ನಗುವೂ ನಿಂತಿತು.

ಅಮ್ಮ ನಳಿಕೆಯನ್ನು ಅಪ್ಪನ ಕುತ್ತಿಗೆಗೆ ಕೂರಿಸಿದಳು, ಪಟ್ಟಿ ಬಿಗಿದಳು, ಗಂಟು ಸರಿಯಾಗಿದೆಯೇ ಎಂದು ಬೆರಳಿಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಉಪ್ಪು ಹದವಾಗಿದೆ ಅಂದದ್ದು?"

"ಅಪ್ಪ ಉಪ್ಪು ಅಂತ ಮಾತ್ರ ಒತ್ತಿದ್ರು."

"ಕಾಲು ಚಾಚಿ ಕೂತುಕೋ ಅಂದದ್ದು?"

"ಸಾಕು ಅಂತ ಒತ್ತಿದ್ರು."

"ಮಾತು ಸಾಕು ಮಾಡು ಅಂತ ನನಗೆ. ನಾನು ಕಾಲು ಚಾಚ್ಕೊಂಡು ಇನ್ನೊಂದು ಗಂಟೆ ಮಾತಾಡಿದೆ." ಅವಳ ಮುಖ ಕೆಂಪಾಯಿತು. ಅಪ್ಪನ ಕಡೆ ನೋಡಲಾರದೆ ಬಚ್ಚಲ ಗೋಡೆ ನೋಡಿದಳು. "ಗಾಜಿನ ತಟ್ಟೆ ಬೇರೆ ಇಳಿಸಿದೆ."

ಅಪ್ಪ ಅವಳ ಸೆರಗಿನ ತುದಿ ಹಿಡಿದರು. ಅವಳು ಬಿಡಿಸಿಕೊಂಡಳು. "ನಿಮಗೂ ಗೊತ್ತಿತ್ತು. ಮೊದಲ ದಿನದಿಂದ್ಲೇ ಗೊತ್ತಿತ್ತು." ಅಪ್ಪ ತಲೆ ತಗ್ಗಿಸಿದರು. ಅವಳು ಮತ್ತೆ ನನ್ನ ಕಡೆ ತಿರುಗಿದಳು. "ಅವತ್ತು ಸ್ಲೇಟಲ್ಲಿ?"

ನಾನು ಕೈಯಲ್ಲಿದ್ದ ಒಣ ಬಟ್ಟೆಯನ್ನು ಮಡಚತೊಡಗಿದೆ.

"ಸ್ಲೇಟಿಗೆ ಯಾವ ಮೆಷಿನ್ನೂ ಇಲ್ವಲ್ಲ. ನೀರು ಬೇಕಂತೆ ಅಂದ್ಯಲ್ಲ, ಅವತ್ತು ಏನಿತ್ತು ಅದರಲ್ಲಿ?"

ಅಪ್ಪ ಎದ್ದು ಹೋಗಿ ಸ್ಲೇಟು ತಂದು ಬರೆದರು. ಈ ಸಲ ನನ್ನ ಮುಂದೆ ಹಿಡಿಯಲಿಲ್ಲ. ಅಮ್ಮನ ಕೈಗೆ ಕೊಟ್ಟರು. ಅವಳು ಅದನ್ನು ಆ ಕಡೆ ಈ ಕಡೆ ನೋಡಿ ನನಗೆ ಕೊಟ್ಟಳು. "ಓದು. ಅಜ್ಜಿಗೂ ಕೇಳೋ ಹಾಗೆ ಓದು."

ಓದಿದೆ. "ಹೋಗು ಅಂದೆ."

"ಕೇಳಿಸ್ತಿಲ್ಲ," ಎಂದಳು ಅಜ್ಜಿ.

"ಹೋಗು ಅಂದೆ," ಎಂದು ಕೂಗಿದೆ. ಬಚ್ಚಲ ಗೋಡೆಗೆ ತಾಗಿ ನನ್ನ ದನಿ ನನಗೇ ವಾಪಸ್ಸು ಬಂತು.

ಅಮ್ಮ ಅಳಲೂ ಇಲ್ಲ, ಹೊಡೆಯಲೂ ಇಲ್ಲ. ಒಣ ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಪ್ಪನ ಕುತ್ತಿಗೆ ಒರೆಸಿದಳು. ಆ ಮಧ್ಯಾಹ್ನವೇ ಮೇಸ್ತ್ರಿಯ ಮನೆಗೆ ಹೋಗಿಬಂದಳು. ಜಾಗ ತುಂಬಿಯಾಗಿದೆ, ಮತ್ತೆ ಯಾವಾಗಲಾದರೂ ನೋಡೋಣ ಎಂದರಂತೆ. ಇದನ್ನು ಅವಳು ನನಗೆ ಹೇಳಲಿಲ್ಲ. ಅಜ್ಜಿಗೆ ಹೇಳುವಾಗ ಕೇಳಿಸಿತು.

ನನ್ನೊಡನೆ ಒಂದು ವಾರ ಮಾತಿಲ್ಲ. "ತರಕಾರಿ ಹೆಚ್ಚಬೇಕಂತ ಹೇಳಿ ಅತ್ತೆ," ಎಂದು ಅಜ್ಜಿಯ ಮೂಲಕ ಹೇಳಿ ಕಳಿಸುವಳು. ಅಜ್ಜಿ, "ನನ್ನನ್ನ ಫೋನು ಮಾಡ್ಕೊಂಡ್ಯಾ?" ಎಂದು ಗೊಣಗುತ್ತಲೇ ನನಗೆ ಹೇಳುವಳು. ಗಾಜಿನ ತಟ್ಟೆಗಳು ಬೀರುವಿನ ತಲೆಗೆ ಹೋದವು. ಅಣ್ಣ ಫೋನನ್ನು ಅಂಗಡಿಗೆ ಒಯ್ದ. ತರಕಾರಿ ಹೆಚ್ಚಿದೆ, ಕೇಳುವ ಮೊದಲೇ ಅಜ್ಜಿಗೆ ಸ್ನಾನ ಮಾಡಿಸಿದೆ, ಮಂಚದ ಕೆಳಗೆ ಚೀಲವನ್ನು ಮುಟ್ಟದೆ ಸುತ್ತ ಗುಡಿಸಿದೆ.

ಎಂಟನೆಯ ದಿನ ಸಂಜೆ ಅಪ್ಪ ಸ್ಲೇಟಿನಲ್ಲಿ ಏನೋ ಬರೆದರು. ಅಮ್ಮ ಒಂದು ಬೆರಳಿನಿಂದ ಅದನ್ನು ನನ್ನ ಕಡೆ ದೂಡಿದಳು.

"ಅನ್ನ ಮುದ್ದೆಯಾಗಿದೆ, ದಂಡ," ಎಂದು ಇದ್ದದ್ದನ್ನು ಇದ್ದ ಹಾಗೆ ಓದಿದೆ.

"ಮುದ್ದೆ ಮಾಡದೆ ಇದ್ರೆ ಇಳಿಯುತ್ತಾ ನಿಮ್ಮ ಗಂಟಲಲ್ಲಿ?" ಎಂದು ಅಮ್ಮ ಸಿಡುಕಿದಳು. "ಬೇಕಾದ್ರೆ ತಿನ್ನಿ. ಇಲ್ದಿದ್ರೆ ನಾಳೆಯಿಂದ ನೀವೇ ಒಲೆ ಮುಂದೆ ನಿಲ್ಲಿ."

ಅಪ್ಪನ ಭುಜ ಕುಣಿಯಿತು. ಅಜ್ಜಿ, "ಹಾಂ, ಇವನು ನನ್ನ ಮಗ," ಎಂದಳು.

ಊಟವಾದ ಮೇಲೆ ಅಮ್ಮ ಮೇಜು ಒರೆಸಿ, ಸ್ಲೇಟು ತೊಳೆದು ತಂದು ನನ್ನ ಪಕ್ಕ ಕೂತಳು. ಅಂಗಿ ಬಟ್ಟೆಗೆ ಗುರುತು ಹಾಕುವ ಅವಳ ಚಪ್ಪಟೆ ಸೀಮೆಸುಣ್ಣ ಕೈಯಲ್ಲಿತ್ತು. ಎಂಟು ದಿನಕ್ಕೆ ಮೊದಲ ಬಾರಿ ನೇರವಾಗಿ ನನ್ನೊಡನೆ ಮಾತಾಡಿದಳು.

"ನನಗೆ ಅಕ್ಷರ ಕಲಿಸು."

"ಈಗಲೇನಾ?"

"ಇನ್ನು ನಿನ್ನ ಬಾಯಿ ನಂಬ್ಕೊಂಡು ಇರೋಕಾಗಲ್ಲ ನನಗೆ."

"ಮೊದಲು ಯಾವುದು ಬರೀಲಮ್ಮ?"

"ಅವತ್ತಿನದು."

'ಹೋಗು' ಎಂದು ಬರೆದೆ. ಅವಳು ಅದರ ಕೆಳಗೆ, ಕಾಲರಿನ ಮೂಲೆ ತಿರುಗಿಸುವ ಹಾಗೆ ಕೈ ಎತ್ತದೆ, ನಿಧಾನವಾಗಿ ತಿದ್ದಿದಳು. ಮೂರನೆಯ ಸಲಕ್ಕೆ ನನ್ನದಕ್ಕಿಂತ ದುಂಡಾಗಿ ಬಂತು.

"ಇನ್ನು ನೀರು ಬರಿ."

'ನೀರು' ಎಂದು ಪಕ್ಕದಲ್ಲಿ ಬರೆದೆ. ಅವಳು ಅದನ್ನೂ ತಿದ್ದಿದಳು. ಆಮೇಲೆ ಸ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ, ಹೊಲಿಗೆ ಪರೀಕ್ಷಿಸುವಾಗ ಅಂಗಿ ಹಿಡಿಯುವಂತೆ ಬೆಳಕಿಗೆ ಹಿಡಿದು ನೋಡಿದಳು.

"ಇದು ಹೋಗು. ಇದು ನೀರು."

"ಹೂಂ."

"ಓದೋಕೆ ಬರೋರಿಗೆ, ಒಂದನ್ನ ನೋಡಿ ಇನ್ನೊಂದು ಅನ್ಕೊಳ್ಳೋ ಹಾಗೆ ಕಾಣುತ್ತಾ ಇದು?"

"ಇಲ್ಲಮ್ಮ," ಎಂದೆ.

"ಕೇಳಿಸ್ಲಿಲ್ಲ," ಎಂದಳು ಅಮ್ಮ.